ಬೆವರಿನ ವಾಸನೆಯೂ ಮನೆಯಲ್ಲಿ ಮಾಡುವ ಪುಡಿಯೂ

ಶಾಲೆಯ ಸ್ಮರಣ ಸಂಚಿಕೆಯೊಂದರಲ್ಲಿ ಕಂಕುಳಿನ ಬೆವರನ್ನು ಕುರಿತು ಬರೆಯುವುದು ಯುಕ್ತವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ವಿದ್ಯೆ, ವಿನಯ, ಸೇವೆ ಮೊದಲಾದ ವಿಷಯಗಳಿಗೆ ಮೀಸಲಾದ ಪುಟಗಳಲ್ಲಿ ಇದೇಕೆ ಎಂದು ಕೇಳಬಹುದು. ಆದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವರಾಗಲಿ ಓದಿಸಿದವರಾಗಲಿ ಒಂದು ಸಂಗತಿಯನ್ನು ಬಲ್ಲರು. ಏಳನೆಯ ತರಗತಿಯವರೆಗೆ ಮುಂದಿನ ಸಾಲಿನಲ್ಲಿ ಕುಳಿತು ಕೈಯೆತ್ತಿ ಉತ್ತರ ಹೇಳುತ್ತಿದ್ದ ಹುಡುಗಿ, ಎಂಟನೆಯ ತರಗತಿಗೆ ಬಂದ ಮೇಲೆ ಕೈಯೆತ್ತುವುದನ್ನೇ ಬಿಟ್ಟುಬಿಡುವಳು. ಉತ್ತರ ತಿಳಿಯದೆಂದಲ್ಲ, ತೋಳೆತ್ತಿದರೆ ಅಂಗಿಯ ಒದ್ದೆ ಕಾಣುವುದು, ಪಕ್ಕದವಳು ಮೂಗು ಮುಚ್ಚಿಕೊಳ್ಳುವಳು ಎಂಬ ಅಂಜಿಕೆ. ಮನೆಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ತಾಯಿಗೆ ಸಂಕೋಚ, ತಂದೆಗೆ ಅದು ತನ್ನ ಕೆಲಸವೇ ಅಲ್ಲ. ಕಡೆಗೆ ಎತ್ತುವವರು ಇಬ್ಬರೇ: ಹಾಸ್ಯಮಾಡುವ ಸಹಪಾಠಿ ಮತ್ತು ಡಬ್ಬಿ ಮಾರುವ ವ್ಯಾಪಾರಿ. ಇವರಿಬ್ಬರಿಗಿಂತ ಮೊದಲು ಹೆತ್ತವರೂ ಉಪಾಧ್ಯಾಯಿನಿಯರೂ ಮಾತನಾಡಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಬೆವರಿನ ಸ್ವರೂಪವನ್ನು ನೋಡೋಣ. ನಮ್ಮ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಎರಡು ಬಗೆ. ಮೈತುಂಬ ಹರಡಿರುವ ಲಕ್ಷಾಂತರ ಸಣ್ಣ ಗ್ರಂಥಿಗಳು ನೀರನ್ನೂ ಉಪ್ಪನ್ನೂ ಸುರಿಸಿ ದೇಹವನ್ನು ತಂಪಾಗಿಡುವುವು. ಇನ್ನೊಂದು ಬಗೆಯವು ಕಂಕುಳು ಮೊದಲಾದ ಕೆಲವೇ ಎಡೆಗಳಲ್ಲಿದ್ದು, ಬಾಲ್ಯವೆಲ್ಲ ಸುಮ್ಮನಿದ್ದು, ಪ್ರಾಯ ಬರುವಾಗ ಎಚ್ಚರಗೊಳ್ಳುವುವು. ಅವುಗಳ ಸ್ರಾವ ಸ್ವಲ್ಪ ಜಿಡ್ಡು. ಆದರೆ ಎರಡಕ್ಕೂ ಹೊರಬರುವಾಗ ವಾಸನೆಯೆಂಬುದು ಇಲ್ಲವೆಂದೇ ಹೇಳಬಹುದು. ಚರ್ಮದ ಮೇಲೆ ಸಹಜವಾಗಿ ವಾಸಿಸುವ ಸೂಕ್ಷ್ಮಾಣುಗಳು ಆ ಸ್ರಾವವನ್ನು ಒಡೆದಾಗ ಗಂಧಕ ಸೇರಿದ ಪದಾರ್ಥಗಳು ಹುಟ್ಟುವುವು, ನಾತ ಅವುಗಳದು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೨೦ರಲ್ಲಿ ಇಂತಹ ಒಂದು ಸೂಕ್ಷ್ಮಾಣು ಈ ಕೆಲಸಕ್ಕೆ ಬಳಸುವ ಕಿಣ್ವದ ರಚನೆಯನ್ನೇ ಬಿಡಿಸಿ ತೋರಿಸಿದರು. ಆದುದರಿಂದ ಹದಿಮೂರರ ಹುಡುಗಿಯಲ್ಲಿ ಹೊಸದಾಗಿ ಕಾಣುವ ಈ ವಾಸನೆ ಅವಳು ಕೊಳಕಾದಳೆಂಬುದಕ್ಕೆ ಸಾಕ್ಷಿಯಲ್ಲ. ಅವಳು ಬೆಳೆಯುತ್ತಿದ್ದಾಳೆಂಬುದಕ್ಕೆ ಸಾಕ್ಷಿ.

ಇನ್ನೂ ಒಂದು ಸಂಗತಿ. ಚೀನಾ, ಜಪಾನ್, ಕೊರಿಯಾ ದೇಶಗಳಲ್ಲಿ ಬಹುಮಂದಿಗೆ ಕಂಕುಳಿನ ವಾಸನೆ ತೀರ ಕಡಮೆ. ಅವರ ವಂಶವಾಹಿಯೊಂದರಲ್ಲಿರುವ ಸಣ್ಣ ವ್ಯತ್ಯಾಸವೇ ಇದಕ್ಕೆ ಕಾರಣ. ಹಾಗಾದರೆ ಅವರು ನಮಗಿಂತ ಶೀಲವಂತರೋ? ಮೂಗಿನ ಉದ್ದಕ್ಕೂ ಕಣ್ಣಿನ ಬಣ್ಣಕ್ಕೂ ಗುಣಕ್ಕೂ ಎಷ್ಟು ಸಂಬಂಧವೋ ಬೆವರಿನ ವಾಸನೆಗೂ ಅಷ್ಟೇ ಸಂಬಂಧ.

ಈ ಮಾತನ್ನು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಒತ್ತಿ ಹೇಳಬೇಕಾಗಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಸಹಜವಾದ ಶಾಖ ಅರುವತ್ತು ಡಿಗ್ರಿಗೂ ಮಿಗಿಲು. ಅಲ್ಲಿ ಪಾಳಿಯ ಮೇಲೆ ಪಾಳಿ ದುಡಿದು ಮೇಲಕ್ಕೆ ಬಂದವರ ಬೆವರಿನ ಮೇಲೆ ಊರ್ಗಾಂ, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆಗಳು ನಿಂತುವು. ೨೦೦೧ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದುವು. ಆ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಈಗ ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇನ್ನಷ್ಟು ಜನರೊಡನೆ ಒತ್ತೊತ್ತಾಗಿ ನಿಂತು, ಬೆಂಗಳೂರಿನ ಕಾರ್ಖಾನೆ ಕಚೇರಿಗಳಿಗೆ ಹೋಗಿ ರಾತ್ರಿ ಹಿಂದಿರುಗುವರು. ಆ ಡಬ್ಬಿಯಲ್ಲಿ ತೋಳೆತ್ತಿ ಕಂಬಿ ಹಿಡಿದು ನಿಂತವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಉಂಟು. “ಇಂಥವರ ಮೈಯೇ ನಾರುವುದು” ಎಂಬ ಮಾತು ಎಷ್ಟೋ ವೇಳೆ ಜಾತಿಯನ್ನೂ ಬಡತನವನ್ನೂ ಹೆಸರಿಸದೆ ಹೀಗಳೆಯುವ ಉಪಾಯವಾಗಿರುವುದು. ವಾಸನೆಯ ಮುಸುಕಿನಲ್ಲಿ ಬರುವ ಈ ನಿಂದೆಯನ್ನು ತರಗತಿಯಲ್ಲಿ ಕೇಳಿದೊಡನೆ ಖಂಡಿಸತಕ್ಕದ್ದು. ಕೇಳದಂತೆ ಇರುವುದು ಸೌಜನ್ಯವಲ್ಲ.

ನಾಚಿಕೆಯನ್ನು ಬಂಡವಾಳಮಾಡಿಕೊಂಡ ವ್ಯಾಪಾರದ ಚರಿತ್ರೆ ಬಹು ಸ್ವಾರಸ್ಯವಾದುದು. ಅಮೆರಿಕದ ಸಿನ್ಸಿನಾಟಿ ನಗರದ ಶಸ್ತ್ರವೈದ್ಯರೊಬ್ಬರು ಶಸ್ತ್ರಚಿಕಿತ್ಸೆಯ ವೇಳೆ ಕೈ ಬೆವರದಿರಲೆಂದು ಒಂದು ದ್ರವವನ್ನು ಮಾಡಿಕೊಂಡಿದ್ದರು. ಹೈಸ್ಕೂಲಿನಲ್ಲಿ ಓದುತ್ತಿದ್ದ ಅವರ ಮಗಳು ಎಡ್ನಾ ಮರ್ಫಿ ಅದನ್ನು ಕಂಕುಳಿಗೆ ಹಚ್ಚಿನೋಡಿ, ‘ಓಡೊರೊನೊ’ ಎಂದು ಹೆಸರಿಟ್ಟು ಮಾರಹೊರಟಳು. ಹುಡುಗಿಯ ಸಾಹಸವನ್ನು ನಾವು ಮೆಚ್ಚುತ್ತೇವೆ. ಆದರೆ ಮಾರಾಟ ಕುದುರಿದುದು ೧೯೧೯ರ ಒಂದು ಜಾಹೀರಾತಿನಿಂದ: ನಿನ್ನ ಮೈಯ ವಾಸನೆ ನಿನಗೆ ತಿಳಿಯದು, ಹಿಂದಿನಿಂದ ಜನ ಆಡಿಕೊಳ್ಳುವರು, ಎಂಬುದು ಅದರ ತಾತ್ಪರ್ಯ. ಅದನ್ನು ಅಚ್ಚು ಹಾಕಿದ ಮಹಿಳಾ ಪತ್ರಿಕೆಗೆ ಸುಮಾರು ೨೦೦ ಮಂದಿ ಚಂದಾ ನಿಲ್ಲಿಸಿದರಂತೆ. ಸೀಸೆಯ ಮಾರಾಟವಾದರೋ ಒಂದೇ ವರ್ಷದಲ್ಲಿ ಇಮ್ಮಡಿಯಾಯಿತು. ಅಂದು ಕಲಿತ ಪಾಠವನ್ನು ಈ ವ್ಯಾಪಾರ ಇಂದಿಗೂ ಮರೆತಿಲ್ಲ. ಮೊದಲು ಹೆದರಿಸು, ಆಮೇಲೆ ಮಾರು.

ನಮ್ಮ ದೇಶದವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಸ್ನಾನಕ್ಕೂ ಸುಗಂಧಲೇಪನಕ್ಕೂ ಬೇರೆ ಬೇರೆ ಅಧ್ಯಾಯಗಳೇ ಉಂಟು. ಅದು ಅರಮನೆಯ ಮಾತಾಯಿತು. ಸಾಮಾನ್ಯರ ಮನೆಯಲ್ಲಿ ಸೀಗೆಪುಡಿ, ಕಡಲೆಹಿಟ್ಟು, ಹೆಸರುಹಿಟ್ಟು, ಕಚೋರ, ಲಾವಂಚದ ಬೇರು ಇವುಗಳಿಂದಲೇ ಮೈ ಶುದ್ಧವಾಗುತ್ತಿತ್ತು. ಆದಕಾರಣ ಹಿಂದಿನದೆಲ್ಲ ಚಿನ್ನ, ಇಂದಿನದೆಲ್ಲ ವಿಷ ಎಂದು ವಾದಿಸುವವರ ಪಂಕ್ತಿಯಲ್ಲಿ ನಾವು ಕೂರುವುದಿಲ್ಲ. ಸೋಪು ಒಳ್ಳೆಯದೇ.

ಈಗ ಮಾಡುವ ಕ್ರಮ. ಒಂದು ಭೇದವನ್ನು ಮೊದಲು ತಿಳಿಯಬೇಕು. ಅಂಗಡಿಯ ಡಬ್ಬಿಗಳಲ್ಲಿ ಕೆಲವು ವಾಸನೆಯನ್ನು ಮಾತ್ರ ತಡೆಯುವುವು. ಕೆಲವು ಅಲ್ಯುಮಿನಿಯಂ ಲವಣಗಳಿಂದ ಬೆವರಿನ ರಂಧ್ರಗಳನ್ನೇ ಸ್ವಲ್ಪಕಾಲ ಮುಚ್ಚುವುವು. ಮನೆಯ ತಯಾರಿಕೆಯಿಂದ ಸಾಧಿಸುವುದು ಮೊದಲನೆಯದು. ಬೆವರು ಬಂದೇ ಬರುವುದು, ಬರಲಿ.

ಎಲ್ಲಕ್ಕೂ ಸುಲಭವಾದುದು ಪಟಿಕ. ಕ್ಷೌರದವರು ಗಲ್ಲಕ್ಕೆ ಉಜ್ಜುವ ಬಿಳಿಯ ಕಲ್ಲು ಇದೇ. ನಮ್ಮದು ಮೂರು ಭಾಷೆಯ ಸೀಮೆಯಷ್ಟೆ. ತೆಲುಗರಿಗೂ ಇದು ಪಟಿಕವೇ, ತಮಿಳರಿಗೆ ಪಡಿಕಾರಂ. ಗ್ರಂಧಿಗೆ ಅಂಗಡಿಯಲ್ಲಿ ಯಾವ ಹೆಸರಿನಿಂದ ಕೇಳಿದರೂ ಕೊಡುವರು. ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಪಟಿಕದ ನುಣ್ಣನೆಯ ಪುಡಿಯನ್ನು ಅರ್ಧ ಚಮಚ ಹಾಕಿ ಕರಗಿಸಿ, ಗಾಜಿನ ಸೀಸೆಯಲ್ಲಿ ತುಂಬಿಡುವುದು. ಸ್ನಾನವಾಗಿ ಮೈ ಒರೆಸಿದ ಮೇಲೆ ಹತ್ತಿಯಿಂದ ಕಂಕುಳಿಗೆ ಒತ್ತಿ, ಆರಿದ ನಂತರ ಬಟ್ಟೆ ಉಡುವುದು. ಒಗರಿನ ಗುಣವುಳ್ಳ ಈ ನೀರು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ಅಡಗಿಸುವುದು. ವಾರಕ್ಕೊಮ್ಮೆ ಹೊಸದಾಗಿ ಮಾಡಿಕೊಂಡರೆ ಲೇಸು. ಗಾಯವಿದ್ದರೆ, ಆಗತಾನೆ ಕೂದಲು ತೆಗೆದಿದ್ದರೆ ಅಂದು ಹಚ್ಚಕೂಡದು, ಬಹಳ ಉರಿಯುವುದು.

ಎರಡನೆಯದು ಪುಡಿ. ಅರಾರೂಟು ಹಿಟ್ಟು ಆರು ಚಮಚ, ಅಡಿಗೆ ಸೋಡ ಒಂದು ಚಮಚ. ಎರಡನ್ನೂ ಬೆರೆಸಿ ತೆಳುಬಟ್ಟೆಯಲ್ಲಿ ಜಾಲಿಸಿ ಒಣ ಡಬ್ಬಿಯಲ್ಲಿಡುವುದು. ಅರಾರೂಟು ದೊರೆಯದಿದ್ದರೆ ಕಾರ್ನ್‌ಫ್ಲೋರು ಆದೀತು. ಹಿಟ್ಟು ತೇವವನ್ನು ಹೀರುವುದು, ಸೋಡ ಹುಳಿವಾಸನೆಯನ್ನು ಅಡಗಿಸುವುದು. ಸುವಾಸನೆ ಬೇಕೆಂದರೆ ಒಣಗಿದ ಲಾವಂಚದ ಬೇರಿನ ಒಂದು ತುಂಡನ್ನು ಡಬ್ಬಿಯಲ್ಲಿ ಹುದುಗಿಸಿದರೆ ನಾಲ್ಕು ದಿನದಲ್ಲಿ ಪುಡಿಗೆಲ್ಲ ಮಣ್ಣಿನ ತಂಪು ಗಂಧ ಹತ್ತುವುದು. ಆದರೆ ಸೋಡದ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಆರೋಗ್ಯವಾದ ಚರ್ಮದ ಮೇಲ್ಮೈ ತುಸು ಹುಳಿ, ಸೋಡ ಕ್ಷಾರ. ಅನೇಕರಿಗೆ ಕೆಲವು ದಿನಗಳಲ್ಲೇ ಕಂಕುಳು ಕೆಂಪಗಾಗಿ ತುರಿಕೆ ಏಳುವುದು. ಅಂಥವರು ಸೋಡವನ್ನು ಬಿಟ್ಟು ಬರಿಯ ಹಿಟ್ಟನ್ನೇ ಬಳಸಲಿ. ಯಾವುದನ್ನೇ ಆಗಲಿ ಮೊದಲು ಮೊಳಕೈಯ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ನೋಡತಕ್ಕದ್ದು. ಮತ್ತೊಂದು: ಪಟಿಕವನ್ನೂ ಸೋಡವನ್ನೂ ಒಟ್ಟಿಗೆ ಸೇರಿಸಬಾರದು. ಒಂದು ಹುಳಿ, ಒಂದು ಕ್ಷಾರ. ನೀರು ತಗಲಿದೊಡನೆ ನೊರೆಯೆದ್ದು ಪರಸ್ಪರ ಗುಣವನ್ನು ಕೆಡಿಸಿಕೊಳ್ಳುವುವು. ಎರಡೂ ಒಳ್ಳೆಯವಾದರೆ ಕೂಡಿದರೆ ಇನ್ನೂ ಒಳ್ಳೆಯದೆಂಬ ಲೆಕ್ಕ ರಸಾಯನಶಾಸ್ತ್ರದಲ್ಲಿ ನಡೆಯದು.

ಕೊಬ್ಬರಿ ಎಣ್ಣೆಯ ಲೇಪವನ್ನು ಈಚೆಗೆ ಬಹುವಾಗಿ ಹೊಗಳುವರು. ಅದರ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದಕ್ಕೆ ಸೂಕ್ಷ್ಮಾಣುಗಳನ್ನು ತಡೆಯುವ ಶಕ್ತಿಯಿರುವುದು ದಿಟ. ಆದರೆ ಆ ಎಣ್ಣೆ ಇಪ್ಪತ್ತನಾಲ್ಕು ಡಿಗ್ರಿ ಶಾಖಕ್ಕೇ ಕರಗುವುದು. ನಮ್ಮ ಊರಿನ ಚೈತ್ರಮಾಸದಲ್ಲಿ ಲೇಪವು ಲೇಪವಾಗಿ ಉಳಿಯದು. ಜೇನುಮೇಣ ಸೇರಿಸಿದರೆ ಗಟ್ಟಿಯಾದೀತು. ಆದರೂ ಬಿಳಿಯ ಅಂಗಿಯ ಮೇಲೆ ಬಿದ್ದ ಎಣ್ಣೆಯ ಕಲೆಯನ್ನು ತೆಗೆಯುವ ತಾಯಿಯನ್ನು ಕೇಳದೆ ಈ ಕ್ರಮವನ್ನು ಶಾಲೆಯ ಹುಡುಗಿಯರಿಗೆ ನಾವು ಶಿಫಾರಸು ಮಾಡೆವು. ನಿಂಬೆಹಣ್ಣನ್ನು ಉಜ್ಜುವ ಪದ್ಧತಿಯಂತೂ ಬೇಡವೇ ಬೇಡ. ನಿಂಬೆರಸ ತಗಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆಯೆದ್ದು ಕಪ್ಪು ಕಲೆ ಬಹುಕಾಲ ನಿಲ್ಲುವುದುಂಟು.

ಮನೆಯದನ್ನು ಹೊಗಳುವ ಭರದಲ್ಲಿ ಅಂಗಡಿಯದರ ಮೇಲೆ ಸುಳ್ಳು ಹೊರಿಸುವುದೂ ನಮಗೆ ಸಮ್ಮತವಲ್ಲ. ಬೆವರು ತಡೆಯುವ ಡಬ್ಬಿಗಳಿಂದ ಸ್ತನದ ಕ್ಯಾನ್ಸರ್ ಬರುವುದೆಂಬ ವದಂತಿ ಬಹುದಿನಗಳಿಂದ ಹರಡಿದೆ. ಅಮೆರಿಕದಲ್ಲಿ ಆ ರೋಗವಿದ್ದ ೮೧೩ ಸ್ತ್ರೀಯರನ್ನೂ ಇಲ್ಲದ ೭೯೩ ಸ್ತ್ರೀಯರನ್ನೂ ವಿಚಾರಿಸಿ ೨೦೦೨ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂತಹ ಸಂಬಂಧ ಕಂಡುಬರಲಿಲ್ಲ. ಇದೇ ವದಂತಿಗೆ ಹೆದರಿ “ಅಲ್ಯುಮಿನಿಯಂ ಇಲ್ಲದ ಪಟಿಕದ ಕಲ್ಲು” ಎಂಬ ಹೊಗಳಿಕೆಗೆ ಮರುಳಾಗಿ ದುಬಾರಿ ಬೆಲೆ ತೆರುವವರೂ ಉಂಟು. ಪಟಿಕವೆಂದರೆ ಪೊಟ್ಯಾಸಿಯಂ ಮತ್ತು ಅಲ್ಯುಮಿನಿಯಂಗಳ ಸಲ್ಫೇಟೇ. ಡಬ್ಬಿಯನ್ನು ಕೊಳ್ಳಬಲ್ಲವರು, ಅದು ಮೈಗೆ ಒಗ್ಗುವವರು, ಧಾರಾಳವಾಗಿ ಕೊಳ್ಳಲಿ. ಕೊಳ್ಳಲಾರದವಳು ತಾನು ಕೀಳೆಂದು ಭಾವಿಸದಿರಲು ಮನೆಯ ಪುಡಿ ಇದೆಯೆಂಬುದಷ್ಟೇ ನಮ್ಮ ವಾದ. ಒಂದು ಡಬ್ಬಿಯ ಬೆಲೆಗೆ ಪಟಿಕ ಕೊಂಡರೆ ಇಡೀ ಮನೆಗೆ ವರ್ಷವೆಲ್ಲ ಸಾಕಾಗಿ ಮಿಕ್ಕೀತು.

ಶಾಲೆಯವರಿಗೂ ಒಂದು ಬಿನ್ನಹವಿದೆ. ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾನಿಲಯದವರು ವ್ಯಾಯಾಮ ಮಾಡಿದ ೨೬ ಮಂದಿಯ ಅಂಗಿಗಳನ್ನು ಪರೀಕ್ಷಿಸಿ, ಪಾಲಿಯೆಸ್ಟರ್ ಅಂಗಿ ಹತ್ತಿಯ ಅಂಗಿಗಿಂತ ಹೆಚ್ಚು ನಾರುವುದೆಂದು ೨೦೧೪ರಲ್ಲಿ ತೋರಿಸಿದರು. ಸಮವಸ್ತ್ರದ ಬಟ್ಟೆಯನ್ನು ಆರಿಸುವವರು ಸುಕ್ಕುಗಟ್ಟದ್ದು, ಬೇಗ ಒಣಗುವುದು ಎಂದು ಪಾಲಿಯೆಸ್ಟರನ್ನೇ ಆರಿಸಿ, ಅನಂತರ ಹುಡುಗಿಯರಿಗೆ ಶುಚಿತ್ವದ ಉಪದೇಶ ಮಾಡುವುದು ನ್ಯಾಯವಲ್ಲ. ಮೇಲಂಗಿಯಾದರೂ ಹತ್ತಿಯದಾಗಿರಲಿ, ಇಲ್ಲವೆ ಹತ್ತಿ ಹೆಚ್ಚಾಗಿರುವ ಮಿಶ್ರಬಟ್ಟೆಯದಾಗಿರಲಿ. ದಿನಕ್ಕೆರಡು ಬಾರಿ ಸ್ನಾನಮಾಡಿ ಎಂಬ ಬೋಧನೆಯನ್ನೂ ಜೋಕೆಯಿಂದ ಆಡಬೇಕು. ಬತ್ತದ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ನೀರನ್ನು ಕೊಡದಲ್ಲಿ ಎಣಿಸಿ ಬಳಸುವ ಮನೆಗಳು ಗಣಿಯ ಲೈನುಗಳಲ್ಲಿಯೂ ಬಂಗಾರಪೇಟೆಯ ಬದಿಯ ಹಳ್ಳಿಗಳಲ್ಲಿಯೂ ಬೇಕಾದಷ್ಟಿವೆ. ಒಂದು ಚೊಂಬು ನೀರು, ಸ್ವಲ್ಪ ಸೋಪು, ಒದ್ದೆಬಟ್ಟೆ ಇವಿಷ್ಟರಿಂದ ಕಂಕುಳನ್ನು ತೊಳೆದು ಚೆನ್ನಾಗಿ ಒಣಗಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಹಾಕಿದ ಅಂಗಿಯನ್ನು ತೊಳೆಯದೆ ಮರುದಿನ ಹಾಕದಿರುವುದು ಉಳಿದ ಕಾಲು.

ಏಳನೆಯ ತರಗತಿಯ ವಿಜ್ಞಾನದ ಒಂದು ತಾಸಿನಲ್ಲಿ ಈ ಪಾಠವನ್ನು ಹೇಳಿ, ಪಟಿಕದ ನೀರನ್ನು ಹುಡುಗಿಯರ ಕೈಯಲ್ಲೇ ಮಾಡಿಸಿ, ಒಬ್ಬೊಬ್ಬಳಿಗೂ ಒಂದು ಸಣ್ಣ ಸೀಸೆಯನ್ನು ಕೊಟ್ಟು ಕಳುಹಿಸಬಹುದು. ಎಲ್ಲರಿಗೂ ಕೊಡುವುದು ಮುಖ್ಯ. ಒಬ್ಬಳನ್ನು ಮಾತ್ರ ಕರೆದು ಗುಟ್ಟಾಗಿ ಕೊಟ್ಟರೆ ಅದು ಮತ್ತೊಂದು ಅವಮಾನವಾದೀತು. ತಾಯಂದಿರು ಮನೆಯಲ್ಲಿ ಗಂಡುಮಕ್ಕಳಿಗೂ ಇದನ್ನೇ ಕಲಿಸಲಿ. ನಾರುವುದರಲ್ಲಿ ಅವರೇನೂ ಹಿಂದೆಬಿದ್ದವರಲ್ಲ; ನಾಚಿಕೆಯನ್ನು ಮಾತ್ರ ಏತಕ್ಕೋ ಹೆಣ್ಣುಮಕ್ಕಳಿಗೇ ಬಿಟ್ಟುಕೊಟ್ಟಿದ್ದಾರೆ.

ಇಷ್ಟೆಲ್ಲ ಮಾಡಿದರೂ ವಾಸನೆ ಹಠಾತ್ತಾಗಿ ಬದಲಾದರೆ, ಚಳಿಯಲ್ಲಿಯೂ ಕೈಕಾಲು ಕಂಕುಳು ತೊಟ್ಟಿಕ್ಕುವಂತೆ ಬೆವರಿದರೆ, ಕಂಕುಳಿನಲ್ಲಿ ನೋವಿನ ಗಂಟುಗಳು ಮತ್ತೆ ಮತ್ತೆ ಎದ್ದರೆ, ಪುಡಿಯನ್ನೂ ನೀರನ್ನೂ ಪಕ್ಕಕ್ಕಿಟ್ಟು ಚರ್ಮವೈದ್ಯರ ಬಳಿಗೆ ಹುಡುಗಿಯನ್ನು ಕರೆದೊಯ್ಯತಕ್ಕದ್ದು. ಹೋಗುವಾಗ ತಾಯಿ ಜೊತೆಗಿರಲಿ, ಆದರೆ ಮಾತನ್ನು ಹುಡುಗಿಯೇ ಆಡಲಿ.