ಇಕ್ಕಟ್ಟಾದ ಉಗ್ರಾಣಕ್ಕೆ ಎಂತಹ ಎತ್ತುಯಂತ್ರ?

ಸಹಕಾರ ಸಂಘದವರೂ ದೊಡ್ಡ ಹಿಡುವಳಿಯುಳ್ಳ ಜಮೀನುದಾರರೂ ಉಗ್ರಾಣವನ್ನು ಕಟ್ಟಿಸಿದ ಮೇಲೆ, ಮೂಟೆಗಳನ್ನು ಎತ್ತಿ ಒಟ್ಟುವುದಕ್ಕೆ ಫೋರ್ಕ್‌ಲಿಫ್ಟ್ ಎಂಬ ಯಂತ್ರವನ್ನು ಕೊಳ್ಳಲು ಯೋಚಿಸುವುದುಂಟು. ಯೋಚನೆಯು ಸ್ತುತ್ಯವಾದುದೇ. 50 ಕಿಲೋಗ್ರಾಂ ಮೂಟೆಯನ್ನು ಹೊತ್ತು ದಿನವೆಲ್ಲ ಅಟ್ಟಿಯನ್ನೇರುವ ಹಮಾಲಿಯ ಶ್ರಮವನ್ನು ಕಂಡವರಾರೂ ಇದನ್ನು ಆಕ್ಷೇಪಿಸಲಾರರು. ಆದರೆ ಯಂತ್ರವನ್ನು ಮೊದಲು ಕೊಂಡು, ಅದು ತಿರುಗಲು ಬೇಕಾದ ಓಣಿಯನ್ನು ಆಮೇಲೆ ಅಳೆಯುವುದು ತಲೆಕೆಳಗಾದ ಕ್ರಮವೆಂದು ನಮ್ಮ ಅಭಿಪ್ರಾಯವು.

ಪೇಟೆಗಳಲ್ಲಿ ಸಾಮಾನ್ಯವಾಗಿ ಕಾಣುವ ಯಂತ್ರವು ಹಿಂಭಾಗದಲ್ಲಿ ಕಬ್ಬಿಣದ ಪ್ರತಿಭಾರವನ್ನು ಹೊತ್ತು, ಮುಂದಿನ ಎರಡು ಕವಲುಗಳಿಂದ ಸರಕನ್ನೆತ್ತುವುದು. ಅದಕ್ಕೆ ಸುಮಾರು 12 ಅಡಿ ಅಗಲದ ಓಣಿ ಬೇಕು. 60 ಅಡಿ ಉದ್ದ, 40 ಅಡಿ ಅಗಲದ ಉಗ್ರಾಣದಲ್ಲಿ ಉದ್ದಕ್ಕೂ ಇಂತಹ ಓಣಿಯೊಂದನ್ನು ಬಿಟ್ಟರೆ, 2,400 ಚದರಡಿಯಲ್ಲಿ 720 ಚದರಡಿ ಯಂತ್ರದ ಪಾಲಾಯಿತು. ಧಾನ್ಯಕ್ಕೆಂದು ಕಟ್ಟಿದ ಮನೆಯಲ್ಲಿ ಯಂತ್ರವೇ ಯಜಮಾನನಾಗುವುದು ಉಚಿತವೇ? ಮೂರು ಚಕ್ರದ ಯಂತ್ರವು ಇದಕ್ಕಿಂತ ಸ್ವಲ್ಪ ಕಡಿಮೆ ಜಾಗದಲ್ಲಿ ತಿರುಗುವುದು. ಡೀಸೆಲಿನದಾದರೆ ಮುಚ್ಚಿದ ಉಗ್ರಾಣದೊಳಗೆ ಹೊಗೆಯ ಬಾಧೆ ಬೇರೆ.

ಕವಲುಗಳನ್ನು ಮುಂದಕ್ಕೆ ಚಾಚಿ ಸರಕನ್ನು ಒಳಕ್ಕೆಳೆದುಕೊಳ್ಳುವ ರೀಚ್ ಟ್ರಕ್ಕಿಗೆ 9–10 ಅಡಿ ಸಾಕು. ಆದರೆ ನೆಲವು ಗಟ್ಟಿಯಾಗಿಯೂ ಸಮವಾಗಿಯೂ ಇರತಕ್ಕದ್ದು, ಎತ್ತರವಾದ ಉಕ್ಕಿನ ಅಟ್ಟಣೆಗಳಿಲ್ಲದಿದ್ದರೆ ಅದರ ಬೆಲೆ ವ್ಯರ್ಥ. ಕವಲನ್ನೇ ಪಕ್ಕಕ್ಕೆ ತಿರುಗಿಸಿ 6 ಅಡಿಯ ಓಣಿಯಲ್ಲಿ ಸಂಚರಿಸುವ ಯಂತ್ರಗಳೂ ಇವೆ. ಅವು ಮಹಾನಗರಗಳ ದೊಡ್ಡ ದಾಸ್ತಾನುಗಳಿಗೆ ಇರಲಿ.

ಗ್ರಾಮದ ಉಗ್ರಾಣಕ್ಕೆ ನಾವು ಸೂಚಿಸುವುದು, ಆಳು ಹಿಂದೆ ನಡೆಯುತ್ತ ನಡೆಸುವ ಬ್ಯಾಟರಿಯ ಸ್ಟ್ಯಾಕರನ್ನು. ಒಂದು ಟನ್, ಎಂದರೆ 20 ಮೂಟೆ, ಎತ್ತುವ ಸ್ಟ್ಯಾಕರಿಗೆ ಸುಮಾರು 8 ಅಡಿಯ ಓಣಿ ಸಾಕಾಗುವುದು. ಮೇಲೆ ಹೇಳಿದ ಉಗ್ರಾಣದಲ್ಲಿ ಇದರಿಂದ 240 ಚದರಡಿ ಉಳಿಯಿತು. ವೇಗವು ಕಡಿಮೆಯೆಂಬುದು ನಿಜ; ಆದರೆ ಸುಗ್ಗಿಯ ಕೆಲವು ವಾರಗಳ ಹೊರತು ನಮ್ಮ ಉಗ್ರಾಣಗಳಲ್ಲಿ ಅಷ್ಟು ಅವಸರವೆಲ್ಲಿಯದು?

ಇನ್ನೊಂದು ಮಾತು. ನೆಲದಿಂದಲೇ ಒಟ್ಟಿದ ಮೂಟೆಗಳಡಿಗೆ ಯಾವ ಕವಲೂ ಹೋಗಲಾರದು. ಪ್ಯಾಲೆಟ್ ಎಂಬ ಮರದ ಅಡಿಮಣೆಗಳನ್ನು ಮೊದಲೇ ಮಾಡಿಸಬೇಕು. ಕವಲಿನ ಕೆಳಗೇ ಕಾಲುಗಳಿರುವ ಸ್ಟ್ಯಾಕರಾದರೆ, ಮಣೆಯ ತಳಕ್ಕೆ ಅಡ್ಡಹಲಗೆ ಹೊಡೆಸಕೂಡದು. ಭಾರವು ಕವಲಿನ ತುದಿಗೆ ಸರಿದಷ್ಟೂ, ಮೇಲಕ್ಕೇರಿದಷ್ಟೂ ಯಂತ್ರದ ಸಾಮರ್ಥ್ಯವು ಕುಗ್ಗುವುದರಿಂದ ಫಲಕದಲ್ಲಿ ನಮೂದಿಸಿದ ತೂಕವನ್ನು ಮೀರತಕ್ಕದ್ದಲ್ಲ. ಜಾಗ ಉಳಿಯಿತೆಂದು ಗೋಡೆಯ ಪಕ್ಕದ ಸಂದಿನಲ್ಲಿ ಮೂಟೆ ತುರುಕುವವರೂ ಉಂಟು. ಹುಳುವನ್ನು ನೋಡುವುದಕ್ಕೂ ಔಷಧಿ ಹಾಕುವುದಕ್ಕೂ ಆ ಸಂದು ಬೇಕೇ ಬೇಕು.

ಯಂತ್ರವನ್ನು ನಡೆಸುವ ಕೆಲಸವನ್ನು ಹೊರಗಿನವರಿಗೆ ಕೊಡದೆ, ಇದುವರೆಗೆ ಮೂಟೆ ಹೊತ್ತ ಹಮಾಲಿಗಳಿಗೇ ಕಲಿಸಿಕೊಡುವುದು ನ್ಯಾಯ. ಹಣ ಕೊಡುವ ಮೊದಲು ಉಗ್ರಾಣದ ನೆಲದ ಮೇಲೆ ಸುಣ್ಣದ ಗೆರೆಯೆಳೆದು, ಮೂಟೆ ಹೇರಿದ ಮಣೆಯೊಂದಿಗೆ ಯಂತ್ರವನ್ನು ಆ ಗೆರೆಗಳೊಳಗೇ ತಿರುಗಿಸಿ ತೋರಿಸಬೇಕೆಂದು ಮಾರುವವನನ್ನು ಕೇಳಿರಿ.