ಕಿವಿಗೆಂದು ಹೋಗಿ ತಲೆಗೆ ಬಂದದ್ದು

ಬೇಲೂರಿನ ನಮ್ಮ ದೊಡ್ಡಪ್ಪನಿಗೆ ಎಡಗಿವಿ ಮಂದವಾಗಿದೆ ಎಂದು ಮನೆಯವರಿಗೆ ತಿಳಿದದ್ದು ಫೋನಿನಿಂದ. ಸದಾ ಎಡಗಿವಿಗೆ ಹಿಡಿಯುತ್ತಿದ್ದವರು ಇದ್ದಕ್ಕಿದ್ದಂತೆ ಬಲಕ್ಕೆ ಬದಲಾಯಿಸಿದರು. ದೇವಸ್ಥಾನದ ಬೀದಿಯಲ್ಲಿ ಎಡಗಡೆಯಿಂದ ಯಾರು ಮಾತಾಡಿಸಿದರೂ ಸುಮ್ಮನೆ ನಕ್ಕು ತಲೆಯಾಡಿಸುತ್ತಿದ್ದರು.

ಹಾಸನಕ್ಕೆ ಕರೆದೊಯ್ದೆವು. ಕಿವಿ ಡಾಕ್ಟರು ಗುಗ್ಗೆ ತೆಗೆದರು, ಆಡಿಯೋಗ್ರಾಂ ಮಾಡಿಸಿದರು. ಎರಡೂ ಕಿವಿ ಸಮನಾಗಿ ಮಂದವಾದರೆ ವಯಸ್ಸಿನ ಲೆಕ್ಕಕ್ಕೆ ಬರೆಯಬಹುದು. ಒಂದೇ ಕಿವಿ ಹೋದರೆ, ಅಲ್ಲಿಂದ ಮಿದುಳಿಗೆ ಹೋಗುವ ನರದ ಮೇಲೆ ಗಂಟು ಬೆಳೆದಿರಬಹುದೆಂಬ ಸಂಶಯ ಉಳಿಯುತ್ತದೆ. ಅದು ಕ್ಯಾನ್ಸರ್ ಅಲ್ಲ, ಬೆಳೆಯುವುದೂ ನಿಧಾನ. ಆದರೆ ದೊಡ್ಡದಾದರೆ ಮಿದುಳನ್ನು ಒತ್ತುತ್ತದೆ. ಆದ್ದರಿಂದ ಎಂಆರ್‌ಐ. ಡಾಕ್ಟರು ಹೇಳಿದ್ದು ಸರಿಯೇ. ಹೀಗೆ ಸ್ಕ್ಯಾನ್ ಆದವರಲ್ಲಿ ಗಂಟು ಸಿಗುವುದು ನೂರಕ್ಕೆ ಒಬ್ಬರಿಂದ ಮೂವರಿಗೆ ಎಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ದೊಡ್ಡಪ್ಪನಿಗೆ ಗಂಟು ಇರಲಿಲ್ಲ. ಆದರೆ ವರದಿಯ ಕೊನೆಯಲ್ಲಿ ಒಂದು ಸಾಲಿತ್ತು: ಮಿದುಳಿನ ಮುಂಭಾಗದ ರಕ್ತನಾಳವೊಂದರಲ್ಲಿ 3 ಮಿ.ಮೀ. ಉಬ್ಬು. ಕಿವಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಡೆದರೆ ತಲೆಯೊಳಗೆ ರಕ್ತಸ್ರಾವ ಎಂದು ಯಾರೋ ಹೇಳಿದ್ದೇ ತಡ, ಮನೆಯಲ್ಲಿ ಒಲೆ ಹತ್ತಲಿಲ್ಲ.

ಬೆಂಗಳೂರಿಗೆ ಟ್ಯಾಕ್ಸಿ, ಲಾಡ್ಜು, ರಕ್ತನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಮತ್ತೊಂದು ಸ್ಕ್ಯಾನು, ನರ ಶಸ್ತ್ರಚಿಕಿತ್ಸಕರ ಫೀಜು. ಕಿವಿ ಮಿಷನ್ನಿಗೆಂದು ಕಾಳುಮೆಣಸು ಮಾರಿ ಇಟ್ಟಿದ್ದ ದುಡ್ಡು ಇದಕ್ಕೇ ಕರಗಿತು. ಕಡೆಗೆ ಆ ಡಾಕ್ಟರು ಹೇಳಿದ್ದಿಷ್ಟು: ಮುಟ್ಟುವುದು ಬೇಡ, ಬೀಡಿ ಬಿಡಿ, ಬಿ.ಪಿ. ಹಿಡಿತದಲ್ಲಿಡಿ, ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ.

ಅವರ ಮಾತಿಗೆ ಆಧಾರವಿತ್ತು. 2003ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಹಿಂದೆ ರಕ್ತಸ್ರಾವವಾಗದವರ ಮುಂಭಾಗದ ನಾಳಗಳಲ್ಲಿದ್ದ 7 ಮಿ.ಮೀ.ಗಿಂತ ಸಣ್ಣ ಉಬ್ಬುಗಳು ಐದು ವರ್ಷದಲ್ಲಿ ಒಡೆದ ಲೆಕ್ಕ ಸೊನ್ನೆ. ಇಂಥದ್ದು ಅಪರೂಪವೂ ಅಲ್ಲ. ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಸಾಮಾನ್ಯ ಜನರಲ್ಲೇ 2000 ಮಂದಿಯ ಮಿದುಳಿನ ಚಿತ್ರ ತೆಗೆದಾಗ (2007ರ ವರದಿ) ನೂರಕ್ಕೆ 1.8 ಜನರಲ್ಲಿ ಇಂಥ ಉಬ್ಬು, 1.6 ಜನರಲ್ಲಿ ಅಪಾಯವಿಲ್ಲದ ಗೆಡ್ಡೆ, 7.2 ಜನರಲ್ಲಿ ಸದ್ದಿಲ್ಲದೆ ಆಗಿಹೋದ ಪಾರ್ಶ್ವವಾಯುವಿನ ಗುರುತು ಸಿಕ್ಕಿತ್ತು. ಅಂದರೆ ನರದ ಗಂಟು ಹುಡುಕಹೊರಟವರಿಗೆ ಅದಕ್ಕಿಂತ ಹೆಚ್ಚು ಸಲ ಬೇರೇನೋ ಕಾಣುತ್ತದೆ!

ಸ್ಕ್ಯಾನೇ ಬೇಡವೆಂದು ಹೇಳುವ ಧೈರ್ಯ ನನಗಿಲ್ಲ. ಗಂಟು ಇದ್ದ ಆ ಒಬ್ಬರಿಗೆ ಅದು ದೊಡ್ಡ ಉಪಕಾರ. ಆದರೆ ಕಿವಿಯ ನರದ ಭಾಗವನ್ನಷ್ಟೇ ತೆಳು ಪದರಗಳಲ್ಲಿ, ಬಣ್ಣದ ಇಂಜೆಕ್ಷನ್ ಇಲ್ಲದೆ ತೆಗೆಯುವ ಕ್ರಮವೂ ಇದೆ. ಮೊದಲ ನೋಟಕ್ಕೆ ಅನೇಕರಿಗೆ ಅದು ಸಾಕಾಗುತ್ತದೆ, ಹೊತ್ತು ಕಡಿಮೆ, ಸಾಮಾನ್ಯವಾಗಿ ಖರ್ಚೂ ಕಡಿಮೆ. ಅದು ಸಾಲದೇ ಎಂದು ಒಂದು ಮಾತು ಕೇಳಬಹುದಿತ್ತು. ಬೇರೇನಾದರೂ ಕಂಡರೆ ಮುಂದೇನು ಎಂದೂ ಮೊದಲೇ ಕೇಳಬಹುದಿತ್ತು.

ಕಿವಿ ಮಿಷನ್ನು ಬಂದದ್ದು ಎಂಟು ತಿಂಗಳು ತಡವಾಗಿ, ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿಬಂದ ಮೇಲೆ. ಈಗ ದೊಡ್ಡಪ್ಪ ಎಡಗಡೆಯವರಿಗೂ ಉತ್ತರ ಕೊಡುತ್ತಾರೆ. ಮೆಣಸಿನ ಚೀಲ ಮಾತ್ರ ಎತ್ತುವುದಿಲ್ಲ. ಡಾಕ್ಟರು ಬೇಡವೆಂದಿಲ್ಲ, ಆದರೂ ಎತ್ತುವುದಿಲ್ಲ. ಅವರಿಗೆ ಸ್ವಲ್ಪ ತಲೆನೋವು ಎಂದರೂ ಸಾಕು, ದೊಡ್ಡಮ್ಮ ಬೀರುವಿನ ಮೇಲಿನ ಫಿಲ್ಮಿನ ಕವರು ಇಳಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ.