ವಿಂಡೋ ಬೆಳ್ಳಗಾದರೆ ಕಂಪ್ಯೂಟರನ್ನು ಬೈಯಬೇಡಿ

ಬಟನ್ ಒತ್ತುತ್ತಿದ್ದಂತೆ ವಿಂಡೋ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಎಂದು ಕೂತುಬಿಡುತ್ತದೆ. ‘ಸಿಸ್ಟಮ್ ಹ್ಯಾಂಗ್ ಆಯ್ತು’ ಎಂದು ಜನ ಮೌಸ್ ಕುಟ್ಟುತ್ತಾರೆ, ರಿಪೇರಿಯವರು ರ್‍ಯಾಮ್ ಹಾಕಿಸಿ ಎನ್ನುತ್ತಾರೆ. ಎಷ್ಟೋ ಸಲ ಕಂಪ್ಯೂಟರಿನ ತಪ್ಪೇನೂ ಇರುವುದಿಲ್ಲ. ತಪ್ಪು ಪ್ರೋಗ್ರಾಂ ಬರೆದವರದು.

ವಿಂಡೋಸ್‌ನಲ್ಲಿ ಮೌಸ್ ಅಲುಗಿದರೂ ಕೀಲಿ ಒತ್ತಿದರೂ ಅದೊಂದು ಮೆಸೇಜ್ ಆಗಿ ಸರದಿಗೆ ಸೇರುತ್ತದೆ. ಪ್ರೋಗ್ರಾಂ ಅವನ್ನು ಒಂದೊಂದಾಗಿ ಎತ್ತಿಕೊಂಡು ವಿಲೇವಾರಿ ಮಾಡಬೇಕು. ಪರದೆಯ ಮೇಲೆ ಬಿಡಿಸುವ ಕೆಲಸಕ್ಕೂ ಇದೇ ದಾರಿ. ವಿಂಡೋದ ಯಾವ ಭಾಗ ಹಳತಾಗಿದೆ ಎಂಬ ಗುರುತು ಬಿದ್ದಿರುತ್ತದೆ. ಸರದಿಯಲ್ಲಿ ಬೇರೇನೂ ಬಾಕಿ ಇಲ್ಲದಾಗ ‘ಡಬ್ಲ್ಯೂಎಂ-ಪೇಂಟ್’ ಮೆಸೇಜ್ ಬರುತ್ತದೆ. ಹತ್ತು ಕಡೆ ಹಳತಾಗಿದ್ದರೂ ಎಲ್ಲ ಸೇರಿ ಒಂದೇ ಮೆಸೇಜ್. ಬಿಡಿಸುವಾಗ ‘ಬಿಗಿನ್‌ಪೇಂಟ್’ ಎಂಬ ಫಂಕ್ಷನ್ ಕರೆಯುವುದನ್ನು ಮರೆತರೆ ಆ ಗುರುತು ಅಳಿಯದೆ, ಅದೇ ಮೆಸೇಜ್ ಮತ್ತೆ ಮತ್ತೆ ಬಂದು ಪ್ರೊಸೆಸರ್ ಸುಮ್ಮಸುಮ್ಮನೆ ಬೇಯುತ್ತದೆ.

ಇದು ಬಡತನದಲ್ಲಿ ಹುಟ್ಟಿದ ಏರ್ಪಾಡು. 1985ರ ಮೊದಲ ವಿಂಡೋಸ್ 256 ಕೆಬಿ ಮೆಮೊರಿಯಲ್ಲೇ ಬಾಳಬೇಕಿತ್ತು. 1987ರಲ್ಲಿ ಬಂದ ವಿಜಿಎ ಡಿಸ್‌ಪ್ಲೇಯ 640×480 ಅಳತೆಯ, 16 ಬಣ್ಣದ ಒಂದು ಪರದೆಗೇ 150 ಕೆಬಿ ಬೇಕು. ಹಿಂದೆ ಮರೆಯಾದ ವಿಂಡೋಗಳ ಪ್ರತಿ ಇಟ್ಟುಕೊಳ್ಳಲು ಜಾಗವೆಲ್ಲಿ? ಹಾಗಾಗಿ ‘ಕೇಳಿದಾಗ ನೀನೇ ಬಿಡಿಸಿಕೋ’ ಎಂದು ಪ್ರೋಗ್ರಾಂಗೆ ಹೊಣೆ ಹೊರಿಸಲಾಯಿತು. ಹೊಣೆ ಮರೆತ ಪ್ರೋಗ್ರಾಂ ಮೇಲೆ ಇನ್ನೊಂದು ವಿಂಡೋ ಎಳೆದಾಡಿದರೆ ಇಸ್ಪೀಟ್ ಎಲೆ ಹರಡಿದ ಹಾಗೆ ಅದರ ನೆರಳುಗಳು ಉಳಿಯುತ್ತಿದ್ದವು. ವಿಂಡೋಸ್ ವಿಸ್ಟಾ ಪ್ರತಿ ವಿಂಡೋದ ಚಿತ್ರವನ್ನೂ ಬೇರೆಬೇರೆಯಾಗಿ ಕಾಪಿಡತೊಡಗಿದ ಮೇಲೆ ಆ ನೆರಳುಗಳು ಹೋದವು. ರೋಗ ಹೋಗಲಿಲ್ಲ. ಪ್ರೋಗ್ರಾಂ ಐದು ಸೆಕೆಂಡು ಮೆಸೇಜ್ ಎತ್ತಿಕೊಳ್ಳದಿದ್ದರೆ ವಿಂಡೋಸ್ ಇಂದಿಗೂ ಅದರ ಜಾಗದಲ್ಲಿ ಒಂದು ನಕಲಿ ವಿಂಡೋ ನಿಲ್ಲಿಸುತ್ತದೆ. ಬೆಳ್ಳಗಾಗಿ ಕಾಣುವುದು ಅದೇ.

ಕಾರಣ ಸಾಮಾನ್ಯವಾಗಿ ಇಷ್ಟೇ: ಬಟನ್ ಒತ್ತಿದ ಮೆಸೇಜಿಗೆ ಉತ್ತರಿಸುವ ಜಾಗದಲ್ಲೇ ಇಡೀ ಫೈಲು ಓದಲು ಕೂರುವುದು. ಬರೆದವರ ಮೇಜಿನ ಮೇಲೆ ನೂರು ಸಾಲಿನ ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಕಚೇರಿಯಲ್ಲಿರುವುದು ಲಕ್ಷ ಸಾಲು. ಆ ಕೆಲಸವನ್ನು ಬೇರೆ ಥ್ರೆಡ್‌ಗೆ, ಅಂದರೆ ಪ್ರೋಗ್ರಾಂನೊಳಗೇ ಜೊತೆಜೊತೆಗೆ ಸಾಗುವ ಇನ್ನೊಂದು ಎಳೆಗೆ ವಹಿಸಿ, ಆದಷ್ಟನ್ನು ಮೆಸೇಜ್ ಮೂಲಕ ತಿಳಿಸುವ ದಾರಿ ಹಳೆಯದೇ. ಕೆಲಸದ ನಡುನಡುವೆ ಬಾಕಿ ಮೆಸೇಜ್‌ಗಳನ್ನು ವಿಲೇವಾರಿ ಮಾಡಿಸುವ, ವಿಷುವಲ್ ಬೇಸಿಕ್‌ನ ‘ಡುಇವೆಂಟ್ಸ್’ ಎಂಬ ಅಡ್ಡದಾರಿಯೂ ಇದೆ. ಆದರೆ ಬಟನ್ನಿಗೆ ಬೀಗ ಹಾಕದಿದ್ದರೆ ಬಳಕೆದಾರರು ನಡುವೆ ಮತ್ತೊಮ್ಮೆ ಒತ್ತಿ, ಒಂದೇ ಬಿಲ್ ಎರಡು ಸಲ ದಾಖಲಾದೀತು.

ಸಾಫ್ಟ್‌ವೇರ್ ಕೊಳ್ಳುವ ಕಚೇರಿಗಳು ಹಣ ಪಾವತಿಸುವ ಮುನ್ನ ತಮ್ಮ ಅತಿ ದೊಡ್ಡ ಫೈಲನ್ನೇ ಅದಕ್ಕೆ ಕೊಡಲಿ. ಅದು ಓದುತ್ತಿರುವಾಗ ವಿಂಡೋ ಎಳೆದು ನೋಡಲಿ, ‘ಕ್ಯಾನ್ಸಲ್’ ಒತ್ತಿ ನೋಡಲಿ. ಕೇಳದಿದ್ದರೆ ವಾಪಸ್ ಕಳಿಸಲಿ.